ಕರೆ ಮಾಡಿದವಳ ನಂಬರ್

ನಾನು ಕೆಲಸ ಮಾಡುವ ಸಮಾಲೋಚನಾ ಕೇಂದ್ರಕ್ಕೆ ಫೋನ್ ಮಾಡುವ ಹೆಣ್ಣುಮಕ್ಕಳಲ್ಲಿ ಬಹಳ ಮಂದಿ ಕಷ್ಟ ಹೇಳಿಕೊಳ್ಳುವ ಮೊದಲು ಒಂದು ಮಾತು ಕೇಳುತ್ತಾರೆ: ‘ಅಕ್ಕಾರ, ನನ್ನ ನಂಬರ್ ಅಲ್ಲಿ ಬರತೈತೇನ್ರೀ?’ ಬರುತ್ತದೆ ಎಂದರೆ ಕೆಲವರು ಅಲ್ಲಿಗೇ ಫೋನ್ ಇಟ್ಟುಬಿಡುತ್ತಾರೆ. ಇನ್ನು ಕೆಲವರು ‘ತಿರುಗಿ ಮಾಡಬ್ಯಾಡ್ರಿ, ನಾನ ಮಾಡ್ತೀನಿ’ ಎಂದು ಎರಡೆರಡು ಸಲ ಹೇಳಿ, ನಮ್ಮಿಂದ ಮಾತು ತೆಗೆದುಕೊಂಡ ಮೇಲೆ ಬಾಯಿ ಬಿಡುತ್ತಾರೆ. ಹೆಸರು ಕೇಳಿದರೆ ಹೇಳುತ್ತಾರೆ, ಊರನ್ನೂ ಹೇಳುತ್ತಾರೆ. ನಂಬರಿನ ವಿಷಯಕ್ಕೆ ಬಂದರೆ ಮಾತ್ರ ದನಿ ಸಣ್ಣದಾಗುತ್ತದೆ.

ನಾನು ಟೆಲಿಫೋನ್ ಇಲಾಖೆಯಲ್ಲಿ ನೌಕರಿ ಮಾಡಿ ನಿವೃತ್ತಳಾದವಳು. ಧಾರವಾಡ ಸೀಮೆಯ ಎಕ್ಸ್‌ಚೇಂಜುಗಳಲ್ಲಿ ಮೊದಲು ಟ್ರಂಕ್ ಬೋರ್ಡಿನ ಮುಂದೆ, ಆಮೇಲೆ ದೂರು ವಿಭಾಗದಲ್ಲಿ ಕೂತಿದ್ದೆ. ಫೋನಿನಿಂದ ಕಾಟ ತಿಂದ ಹೆಂಗಸರ ಅರ್ಜಿಗಳನ್ನು ಅಲ್ಲಿ ಓದಿದ್ದೇನೆ, ಫೋನ್ ಮಾಡಲಿಕ್ಕೇ ಅಂಜುವ ಹೆಂಗಸರ ಮಾತನ್ನು ಇಲ್ಲಿ ಕೇಳುತ್ತಿದ್ದೇನೆ. ಕರೆ ಮಾಡುವವರಿಗೆ ತಮ್ಮ ನಂಬರ್ ಮರೆಮಾಡುವ ಅವಕಾಶ ಇರಬೇಕೇ ಎಂಬ ಪ್ರಶ್ನೆ ಬಂದಾಗಲೆಲ್ಲ ಈ ಎರಡು ಗುಂಪಿನವರೂ ನನ್ನ ಕಣ್ಣೆದುರು ಬರುತ್ತಾರೆ. ಇರಬೇಕು ಎಂಬುದೇ ನನ್ನ ಉತ್ತರ. ಆದರೆ ಕಾಟ ತಿಂದವರ ಕಡೆಯಿಂದಲೇ ಶುರು ಮಾಡುತ್ತೇನೆ, ಅವರ ಸಂಕಟವನ್ನು ದಾಟಿಕೊಂಡು ಈ ಉತ್ತರ ಹೇಳಲಿಕ್ಕೆ ಬರುವುದಿಲ್ಲ.

180ಕ್ಕೆ ಫೋನ್ ಮಾಡಿ ಟ್ರಂಕ್ ಕಾಲ್ ಬುಕ್ ಮಾಡುತ್ತಿದ್ದ ಕಾಲದಲ್ಲಿ ಕರೆ ಮಾಡಿದವರ ಗುರುತು ಗುಟ್ಟಾಗಿ ಉಳಿಯುತ್ತಿರಲಿಲ್ಲ. ಬುಕ್ ಮಾಡಿದವರ ನಂಬರು, ಬೇಕಾದ ಊರು, ಬೇಕಾದ ನಂಬರು, ಇಂಥವರೇ ಮಾತಾಡಬೇಕು ಎಂದು ಮಾಡುವ ಪಿಪಿ ಕಾಲ್ ಆದರೆ ಬೇಕಾದವರ ಹೆಸರು ಎಲ್ಲವನ್ನೂ ನಾವು ಟಿಕೆಟ್ಟಿನ ಮೇಲೆ ಬರೆದುಕೊಳ್ಳುತ್ತಿದ್ದೆವು. ‘ಬೆಳಗಾವಿಯಿಂದ ಇಂಥವರು ಮಾತಾಡ್ತಾರ, ಹಿಡೀರಿ’ ಎಂದು ನಾವೇ ಹೇಳಿ ಜೋಡಿಸುತ್ತಿದ್ದೆವು. ಆಮೇಲೆ ನೇರ ಡಯಲಿಂಗ್ ಹಬ್ಬಿತು. ಹಳ್ಳಿಗಳಿಗೆಂದೇ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ತಯಾರಿಸಿದ 128 ಪೋರ್ಟಿನ ಮೊದಲ ಸ್ವಯಂಚಾಲಿತ ಎಕ್ಸ್‌ಚೇಂಜು 1986ರ ಜುಲೈನಲ್ಲಿ ಶುರುವಾದದ್ದು ನಮ್ಮ ಕಿತ್ತೂರಿನಲ್ಲಿ. ಆ ಸಂಭ್ರಮ ನಮಗೆಲ್ಲ ಇತ್ತು, ಇಂದಿಗೂ ಇದೆ. ನಡುವಿನ ಆಪರೇಟರ್ ಹೋದದ್ದರಿಂದ ಜನರಿಗೆ ಅನುಕೂಲವೇ ಆಯಿತು. ಅದರ ಜೊತೆಗೇ, ಯಾರು ಮಾಡುತ್ತಿದ್ದಾರೆಂದು ತಿಳಿಯದ ಕರೆಗಳೂ ಮನೆಮನೆಗೆ ಬರತೊಡಗಿದವು.

ದೂರು ವಿಭಾಗದಲ್ಲಿದ್ದಾಗ ಒಬ್ಬ ಶಾಲಾ ಶಿಕ್ಷಕಿ ಅರ್ಜಿ ಕೊಟ್ಟಿದ್ದರು. ಮನೆಯವರು ಬೇರೆ ಊರಿನಲ್ಲಿ ನೌಕರಿ, ಇವರು ಸಣ್ಣ ಮಗುವಿನೊಂದಿಗೆ ಒಬ್ಬರೇ. ರಾತ್ರಿಯಾದರೆ ಹೊಲಸು ಮಾತಿನ ಕರೆ. ಅದು ಹಳೆಯ ಸ್ಟ್ರೌಜರ್ ಎಕ್ಸ್‌ಚೇಂಜು. ಅದರಲ್ಲಿ ಕರೆಯನ್ನು ಹಿಡಿಯಬೇಕೆಂದರೆ ಮೆಕ್ಯಾನಿಕ್ ಕೈಯಿಂದಲೇ ಹುಡುಕಬೇಕು. ಶಿಕ್ಷಕಿಯ ನಂಬರಿಗೆ ಬಂದು ನಿಂತ ಫೈನಲ್ ಸೆಲೆಕ್ಟರ್ ಯಾವುದೆಂದು ನೋಡಬೇಕು, ಅದಕ್ಕೆ ಕರೆಯನ್ನು ದಾಟಿಸಿದ ಗ್ರೂಪ್ ಸೆಲೆಕ್ಟರ್ ಯಾವುದೆಂದು ಹಿಂದಕ್ಕೆ ಹೋಗಬೇಕು, ಅಲ್ಲಿಂದ ಮತ್ತೆ ಹಿಂದಕ್ಕೆ, ಕರೆ ಹೊರಟ ಲೈನಿನವರೆಗೆ. ಸಾಲುಸಾಲು ರ‍್ಯಾಕುಗಳು, ಟಕಟಕ ಎಂದು ಎದ್ದು ತಿರುಗುವ ಸಾವಿರಾರು ಬೆರಳುಗಳಂಥ ಸಂಪರ್ಕಗಳು, ಕೈಯಲ್ಲಿ ಟಾರ್ಚು. ಆ ಹುಡುಕಾಟ ಮುಗಿಯುವವರೆಗೆ ಕರೆ ಕಡಿಯಬಾರದು. ಅಂದರೆ ಆ ತಾಯಿ ಆ ಮಾತುಗಳನ್ನು ಕೇಳುತ್ತ, ಉತ್ತರ ಕೊಡುತ್ತ, ಅವನನ್ನು ಲೈನಿನಲ್ಲಿ ಹಿಡಿದಿಟ್ಟುಕೊಳ್ಳಬೇಕು. ‘ಇನ್ನೊಂದು ಸ್ವಲ್ಪ ಹೊತ್ತು ಮಾತಾಡಸ್ರಿ ಟೀಚರ್’ ಎಂದು ಅವರಿಗೆ ಹೇಳಿಕೊಡುವ ಕೆಲಸ ನನ್ನದಾಗಿತ್ತು. ಒಬ್ಬ ಹೆಂಗಸು ಇನ್ನೊಬ್ಬ ಹೆಂಗಸಿಗೆ ಹೇಳಬಾರದ ಮಾತು ಅದು.

ಮುಂದೆ ಡಿಜಿಟಲ್ ಎಕ್ಸ್‌ಚೇಂಜುಗಳು ಬಂದಾಗ ಈ ಹುಡುಕಾಟ ಸಲೀಸಾಯಿತು. ದೂರು ಕೊಟ್ಟವರ ಲೈನನ್ನು ನಿಗಾದಲ್ಲಿಟ್ಟರೆ ಕರೆ ಮಾಡಿದವರ ನಂಬರ್ ನಮ್ಮಲ್ಲಿ ದಾಖಲಾಗುತ್ತಿತ್ತು. ಆದರೂ ಅದು ಎಷ್ಟೋ ಸಲ ಹೋಗಿ ನಿಲ್ಲುತ್ತಿದ್ದದ್ದು ಬೇಕರಿಯ ಮುಂದೆಯೋ ಬಸ್ ಸ್ಟ್ಯಾಂಡಿನ ಗೂಡಂಗಡಿಯಲ್ಲೋ ಇದ್ದ ಒಂದು ರೂಪಾಯಿಯ ಕಾಯಿನ್ ಬಾಕ್ಸಿಗೆ. ಅದೇ ಕಾಲಕ್ಕೆ ಕಾಲರ್ ಐಡಿ ಬಂತು. ಫೋನಿನ ಪಕ್ಕದಲ್ಲೊಂದು ಪುಟ್ಟ ಪೆಟ್ಟಿಗೆ, ಅದರಲ್ಲಿ ನಂಬರ್ ಮೂಡುತ್ತದೆ. ಅದನ್ನು ಹಾಕಿಸಿಕೊಂಡ ಮನೆಗಳಲ್ಲಿ ಹೊಲಸು ಕರೆಗಳು ಎಷ್ಟೋ ಕಡಿಮೆಯಾದವು. ಗುರುತು ಸಿಗುತ್ತದೆಂಬ ಭಯ ಕೆಲಸ ಮಾಡಿತು. ಮೊಬೈಲ್ ಬಂದ ಮೇಲಂತೂ ನಂಬರ್ ಕಾಣುವುದೇ ರೂಢಿಯಾಯಿತು. ನಂಬರ್ ಕಾಣಿಸಲೇಬೇಕು ಎಂದು ವಾದಿಸುವವರನ್ನು ನಾನು ಎಂದೂ ಹಗುರವಾಗಿ ಕಾಣುವುದಿಲ್ಲ. ಅವರ ಮಾತಿನ ಹಿಂದೆ ಆ ಶಿಕ್ಷಕಿಯಂಥವರ ರಾತ್ರಿಗಳಿವೆ.

ಆದರೆ ಕಾಯಿನ್ ಬಾಕ್ಸಿಗೆ ಇನ್ನೊಂದು ಮುಖವಿತ್ತು. ಅದು ಮಾಯವಾದ ಮೇಲೆ, ಕೇಂದ್ರದ ಕೆಲಸಕ್ಕೆ ಸೇರಿದ ಮೇಲೆ, ನನಗದು ತಿಳಿಯಿತು. ಸಂತೆಗೆಂದು ಹೊರಟ ಹೆಣ್ಣುಮಗಳು ಒಂದು ರೂಪಾಯಿ ಹಾಕಿ ತವರಿಗೆ, ವಕೀಲರಿಗೆ, ಸಹಾಯ ಕೇಂದ್ರಕ್ಕೆ ಮಾತಾಡಿ ಮನೆಗೆ ಹೋದರೆ ಯಾರಿಗೂ ಸುಳಿವು ಸಿಗುತ್ತಿರಲಿಲ್ಲ. ಆ ಮರೆಯನ್ನು ಆಕೆ ಯಾರ ಹತ್ತಿರವೂ ಕೇಳಿ ಪಡೆಯಬೇಕಿರಲಿಲ್ಲ. ಮೊಬೈಲ್ ಎಲ್ಲರ ಕೈಗೆ ಬಂದದ್ದರಿಂದ ಅಂಥವಳಿಗೆ ಮಾತಾಡುವ ಸಾಧನ ಸಿಕ್ಕಿತು, ಮರೆ ಹೋಯಿತು.

ನನಗೆ ಗೊತ್ತಿರುವ ಒಂದು ಪ್ರಸಂಗ ಹೇಳುತ್ತೇನೆ. ಒಬ್ಬಾಕೆ ಒಂದು ಕಚೇರಿಗೆ ಫೋನ್ ಮಾಡಿ ಗಂಡನ ಹೊಡೆತದ ಬಗ್ಗೆ ಹೇಳಿಕೊಂಡಳು. ಕಚೇರಿಯವರು ಹೆಚ್ಚಿನ ಮಾಹಿತಿಗೆಂದು ಸಂಜೆ ಅದೇ ನಂಬರಿಗೆ ತಿರುಗಿ ಮಾಡಿದರು. ಫೋನ್ ಎತ್ತಿದ್ದು ಗಂಡ. ಎಲ್ಲಿಂದ ಕರೆ ಎಂದು ಅವರು ಹೇಳಿಯೇಬಿಟ್ಟರು. ಮರುದಿನದಿಂದ ಆಕೆಯ ಕೈಯಲ್ಲಿ ಫೋನ್ ಇರಲಿಲ್ಲ. ಎಷ್ಟೋ ದಿನದ ಮೇಲೆ ಬಸ್ ಹತ್ತಿ ನಮ್ಮ ಕೇಂದ್ರಕ್ಕೆ ಬಂದಾಗ ಎಡಗಿವಿಗೆ ಕೇಳಿಸುತ್ತಿಲ್ಲ ಎಂದು ಬಲಗಿವಿ ನಮ್ಮ ಕಡೆ ತಿರುಗಿಸಿ ಕೂತಿದ್ದಳು. ಆ ಕಚೇರಿಯವರು ಕೆಟ್ಟ ಮನಸ್ಸಿನಿಂದ ಮಾಡಿದ್ದೇನೂ ಅಲ್ಲ. ಅವರ ಪರದೆಯ ಮೇಲೆ ನಂಬರ್ ಇತ್ತು, ಒತ್ತಿದರು.

ನಮ್ಮ ಕಡೆಯಿಂದ ಮಾಡುವ ಕರೆಯದೂ ಇದೇ ಕಷ್ಟ. ಟ್ರೂಕಾಲರ್‌ನಂಥ ಆಪ್ ಇರುವ ಫೋನಿನಲ್ಲಿ, ಜನ ನಮ್ಮ ನಂಬರನ್ನು ಏನೆಂದು ಉಳಿಸಿಕೊಂಡಿದ್ದಾರೋ ಅದೇ ಹೆಸರು ಮೂಡುತ್ತದೆ. ಗಂಡನ ಎದುರು ಆಕೆಯ ಫೋನಿನ ಮೇಲೆ ‘ಮಹಿಳಾ ಸಹಾಯ’ ಎಂದು ಬಂದರೆ ಆಮೇಲಿನದನ್ನು ನಾನು ಬರೆಯಬೇಕಿಲ್ಲ. 2020ರ ಲಾಕ್‌ಡೌನ್ ಕಾಲದಲ್ಲಿ ಮನೆಯೊಳಗಿನ ಹಿಂಸೆಯ ದೂರುಗಳು ಹೆಚ್ಚಿ, ಏಪ್ರಿಲ್‌ನಲ್ಲಿ ರಾಷ್ಟ್ರೀಯ ಮಹಿಳಾ ಆಯೋಗ ವಾಟ್ಸ್‌ಆ್ಯಪ್ ನಂಬರನ್ನೇ ತೆರೆಯಿತು. ಮಾತಾಡಿದರೆ ಪಕ್ಕದ ಕೋಣೆಗೆ ಕೇಳಿಸುವ ಮನೆಗಳವು. ಆಗ ನಾವೂ ಮನೆಯಿಂದ ಸ್ವಂತ ಫೋನಿನಲ್ಲೇ ಕೆಲಸ ಮಾಡಿದೆವು. ನಮ್ಮ ಜೊತೆಯ ಚಿಕ್ಕ ವಯಸ್ಸಿನ ಸಮಾಲೋಚಕಿಯ ನಂಬರ್ ಒಬ್ಬ ಗಂಡನಿಗೆ ಸಿಕ್ಕಿ, ಅವನು ಹೊತ್ತಲ್ಲದ ಹೊತ್ತಿನಲ್ಲಿ ಕರೆ ಮಾಡಿ ಬೆದರಿಸತೊಡಗಿದ. ಆಕೆ ಸಿಮ್ ಬದಲಿಸಿದಳು. ಹಳೆಯ ನಂಬರನ್ನು ನೆಚ್ಚಿಕೊಂಡಿದ್ದ ಹೆಂಗಸರಿಗೆ ಆಕೆ ಸಿಗದಂತಾದಳು.

ಈಗ ನನ್ನ ವೃತ್ತಿಯ ಮಾತು. ಮರೆಮಾಡಿದ ನಂಬರ್ ಎಂದರೆ ಗುರುತೇ ಇಲ್ಲದ ಕರೆ ಎಂದು ಜನ ತಿಳಿದಿದ್ದಾರೆ. ಹಾಗಿಲ್ಲ. ಪ್ರತಿ ಕರೆಯ ಜೊತೆಗೂ ಕರೆ ಮಾಡಿದವರ ನಂಬರ್ ಜಾಲದೊಳಗೆ ಹೋಗಿಯೇ ಹೋಗುತ್ತದೆ. ಮರೆಮಾಡುವ ಸೌಲಭ್ಯ ಇದ್ದವರ ಕರೆಗೆ ‘ಇದನ್ನು ತೋರಿಸಬೇಡ’ ಎಂಬ ಒಂದು ಸೂಚನೆ ಅಂಟಿಕೊಂಡಿರುತ್ತದೆ. ಕೊನೆಯ ಎಕ್ಸ್‌ಚೇಂಜು ಆ ಸೂಚನೆ ನೋಡಿ ನಂಬರನ್ನು ಪರದೆಗೆ ಬಿಡುವುದಿಲ್ಲ, ಅಷ್ಟೇ. ತುರ್ತು ಸೇವೆಗಳ ಲೈನಿಗೆ ಆ ಸೂಚನೆಯನ್ನು ಮೀರಿ ನಂಬರ್ ತೋರಿಸುವ ವ್ಯವಸ್ಥೆಯೂ ತಂತ್ರಜ್ಞಾನದಲ್ಲಿದೆ. ಕಂಪನಿಯ ದಾಖಲೆಯಲ್ಲಿ ಎಲ್ಲವೂ ಇರುತ್ತದೆ, ಪೊಲೀಸರು ಕಾನೂನು ಪ್ರಕಾರ ಕೇಳಿದರೆ ಸಿಗುತ್ತದೆ. ಹಾಗಾಗಿ ಎದುರಿನವರ ಕಣ್ಣಿನಿಂದ ಮರೆಯಾಗುವುದಕ್ಕೂ ಕಾನೂನಿನಿಂದ ತಪ್ಪಿಸಿಕೊಳ್ಳುವುದಕ್ಕೂ ನಡುವೆ ದೊಡ್ಡ ಅಂತರವಿದೆ. ಮೊದಲನೆಯದನ್ನು ಕೊಡಬಹುದು, ಎರಡನೆಯದನ್ನು ಯಾರಿಗೂ ಕೊಡಬಾರದು.

ಮೋಸಗಾರರ ವಿಷಯ ಹೇಳುತ್ತೀರಿ. ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿ ನಿವೃತ್ತರ ಉಳಿತಾಯ ದೋಚಿದವರಲ್ಲಿ ನಂಬರ್ ಮರೆಮಾಡಿ ಬಂದವರೆಷ್ಟು? ಅವರು ನಂಬರ್ ತೋರಿಸಿಕೊಂಡೇ ಬರುತ್ತಾರೆ, ಆದರೆ ಅದು ಸುಳ್ಳು ನಂಬರು ಅಥವಾ ಇನ್ನೊಬ್ಬರ ಹೆಸರಿನ ಸಿಮ್. ವಿದೇಶದಿಂದ ಮಾಡಿ ಭಾರತದ +91 ನಂಬರಿನಂತೆ ಕಾಣಿಸುವ ಕರೆಗಳನ್ನು ತಡೆಯಲು ದೂರಸಂಪರ್ಕ ಇಲಾಖೆ 2024ರ ಅಕ್ಟೋಬರಿನಲ್ಲಿ ಪ್ರತ್ಯೇಕ ವ್ಯವಸ್ಥೆಯನ್ನೇ ಶುರು ಮಾಡಬೇಕಾಯಿತು. ಹೀಗೆ ಗುರುತು ತಿದ್ದುವವರಿಗೆ 2023ರ ದೂರಸಂಪರ್ಕ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಇದೆ. ಅದು ಸರಿಯಾದ ಕಾನೂನು. ಸುಳ್ಳು ನಂಬರ್ ತೋರಿಸುವುದು ಅಪರಾಧ. ‘ನನ್ನ ನಂಬರ್ ತೋರಿಸುವುದಿಲ್ಲ’ ಎಂದು ಪ್ರಾಮಾಣಿಕವಾಗಿ ಹೇಳುವ ಕರೆಯನ್ನು ಅದರ ಜೊತೆ ಒಂದೇ ತಕ್ಕಡಿಯಲ್ಲಿ ತೂಗಬಾರದು.

ನಮ್ಮ ದೇಶದಲ್ಲಿ ಈ ಸೌಲಭ್ಯ ಇಲ್ಲವೆಂದಲ್ಲ. ಸಿಎಲ್‌ಐಆರ್ ಎಂದು ಅದನ್ನು ಕರೆಯುತ್ತೇವೆ. ಭದ್ರತೆಯ ಕಾರಣವಿರುವವರಿಗೆ, ದೊಡ್ಡ ಹುದ್ದೆಯವರಿಗೆ ಸಿಗುತ್ತದೆ, ಸಾಮಾನ್ಯ ಗ್ರಾಹಕರ ಕೈಗೆ ಎಟುಕುವುದಿಲ್ಲ. ಅಮೆರಿಕ, ಬ್ರಿಟನ್‌ಗಳಲ್ಲಿ 1990ರ ದಶಕದಿಂದಲೇ ಯಾರು ಬೇಕಾದರೂ ಕರೆಯ ಮುಂದೆ ಒಂದು ಸಂಕೇತ ಒತ್ತಿ, ಅಮೆರಿಕದಲ್ಲಿ *67, ಬ್ರಿಟನ್ನಿನಲ್ಲಿ 141, ಆ ಒಂದು ಕರೆಗೆ ನಂಬರ್ ಮರೆಮಾಡಬಹುದು. ಅದರ ಜೊತೆಗೆ, ಮರೆಮಾಡಿದ ಕರೆ ನನಗೆ ಬೇಡ ಎಂದು ತಿರಸ್ಕರಿಸುವ ಸೌಲಭ್ಯವೂ ಗ್ರಾಹಕರಿಗಿದೆ. ಈ ಎರಡು ಒಟ್ಟಿಗಿದ್ದರೆ ನನ್ನ ಶಿಕ್ಷಕಿಗೂ ನ್ಯಾಯ ಸಿಗುತ್ತದೆ. ಅಮೆರಿಕದವರು ಇನ್ನೂ ಮುಂದೆ ಹೋಗಿದ್ದಾರೆ. 2022ರ ಸೇಫ್ ಕನೆಕ್ಷನ್ಸ್ ಕಾಯ್ದೆಯ ಪ್ರಕಾರ, ಹಿಂಸೆ ಕೊಡುವವನ ಜೊತೆಗಿನ ಕುಟುಂಬ ಪ್ಲಾನಿನಿಂದ ತನ್ನ ಲೈನ್ ಬೇರೆ ಮಾಡಿಕೊಡಿ ಎಂದು ಸಂತ್ರಸ್ತೆ ಕೇಳಿದರೆ ಕಂಪನಿ ಎರಡು ಕೆಲಸದ ದಿನಗಳಲ್ಲಿ ಮಾಡಿಕೊಡಬೇಕು. ಕೌಟುಂಬಿಕ ಹಿಂಸೆಯ ಸಹಾಯವಾಣಿಗಳಿಗೆ ಮಾಡಿದ ಕರೆ ಗ್ರಾಹಕರ ಕರೆಪಟ್ಟಿಯಲ್ಲಿ ಕಾಣಬಾರದೆಂದು ಅದರ ಅಡಿಯಲ್ಲಿ ನಿಯಮವನ್ನೂ ಮಾಡಿದ್ದಾರೆ.

ಇಲ್ಲಿ ನಾವು ಬೇರೆ ದಿಕ್ಕಿಗೆ ಹೊರಟಿದ್ದೇವೆ. ಕರೆ ಬಂದಾಗ ನಂಬರಿನ ಜೊತೆ ಹೆಸರನ್ನೂ ತೋರಿಸಬೇಕೆಂದು 2024ರ ಫೆಬ್ರವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಶಿಫಾರಸು ಮಾಡಿತು. ಸಿಮ್ ಕೊಳ್ಳುವಾಗ ಅರ್ಜಿಯಲ್ಲಿ ಕೊಟ್ಟ ಹೆಸರೇ ಮೂಡಬೇಕು. ಮೋಸ ತಡೆಯಲು ಇದರಿಂದ ಉಪಯೋಗವಿದೆ, ಒಪ್ಪುತ್ತೇನೆ. ಸಿಎಲ್‌ಐಆರ್ ಇದ್ದವರಿಗೆ ಇದರಿಂದ ವಿನಾಯಿತಿಯೂ ಇದೆ. ಆದರೆ ನಮ್ಮ ಕಡೆ ಎಷ್ಟೋ ಹೆಂಗಸರ ಸಿಮ್ ಗಂಡನ ಹೆಸರಿನಲ್ಲೋ ಮಗನ ಹೆಸರಿನಲ್ಲೋ ಇದೆ. ಆಕೆ ನಮಗೆ ಫೋನ್ ಮಾಡಿದಾಗ ನಮ್ಮ ಪರದೆಯ ಮೇಲೆ ಬರುವುದು ಹೊಡೆಯುವವನ ಹೆಸರು. ಸಿಮ್ ಆಕೆಯದೇ ಆಗಿದ್ದರೆ, ಗ್ಯಾಸ್ ಸಿಲಿಂಡರಿಗೆ, ಪಾರ್ಸಲ್ಲಿಗೆ ಎಂದು ಮಾಡಿದ ಪ್ರತಿ ಕರೆಯಲ್ಲೂ ಅಪರಿಚಿತನಿಗೆ ಆಕೆಯ ನಂಬರಿನ ಜೊತೆ ಹೆಸರೂ ಸಿಗುತ್ತದೆ.

ಬಾಡಿಗೆ ಕಾರಿನ ಆಪ್‌ಗಳಲ್ಲಿ ಚಾಲಕನಿಗೆ ನಮ್ಮ ನಂಬರ್ ಕಾಣದಂತೆ, ನಮಗೆ ಅವನ ನಂಬರ್ ಕಾಣದಂತೆ ನಡುವೆ ಇನ್ನೊಂದು ನಂಬರಿನಿಂದ ಜೋಡಿಸುತ್ತಾರೆ. ಸ್ಟೇಷನ್ನಿನಿಂದ ಮನೆವರೆಗಿನ ಪ್ರಯಾಣಕ್ಕೆ ಇಷ್ಟು ಕಾಳಜಿ ಸಾಧ್ಯವಿದ್ದರೆ, ಜೀವಭಯದಿಂದ ಮಾಡುವ ಕರೆಗೆ ಯಾಕೆ ಸಾಧ್ಯವಿಲ್ಲ? ಹಿಂಸೆಗೆ ಒಳಗಾದವರಿಗೆ, ಆಶ್ರಯಧಾಮಗಳಿಗೆ, ಸಮಾಲೋಚಕರಿಗೆ ಅರ್ಜಿ ಕೊಟ್ಟರೆ ತಡಮಾಡದೆ, ಶುಲ್ಕವಿಲ್ಲದೆ ಸಿಎಲ್‌ಐಆರ್ ಕೊಡಬೇಕು. ಬೇಡವೆಂದವರಿಗೆ ಅಂಥ ಕರೆಗಳನ್ನು ತಡೆಯುವ ಅವಕಾಶ ಇರಬೇಕು. ನಂಬರ್ ಮರೆಮಾಡಿ ಕಾಟ ಕೊಟ್ಟವನ ಸೌಲಭ್ಯವನ್ನು ಕಿತ್ತುಕೊಂಡು, ವಿವರವನ್ನು ಪೊಲೀಸರಿಗೆ ಒಪ್ಪಿಸಬೇಕು. ಇದಕ್ಕೆ ಹೊಸ ಯಂತ್ರವೇನೂ ಬೇಕಿಲ್ಲ, ಇರುವ ಎಕ್ಸ್‌ಚೇಂಜುಗಳೇ ಮಾಡುತ್ತವೆ ಎಂದು ಅದರೊಳಗೆ ದುಡಿದವಳಾಗಿ ಹೇಳುತ್ತಿದ್ದೇನೆ.

ಸರ್ಕಾರ ಮಾಡುವವರೆಗೆ ಓದುಗರು ಮಾಡಬಹುದಾದ ಕೆಲಸವೂ ಇದೆ. ನಿಮ್ಮ ಮನೆಯ ಹೆಣ್ಣುಮಕ್ಕಳು ಬಳಸುವ ಸಿಮ್ ಅವರ ಹೆಸರಿನಲ್ಲೇ ಇರಲಿ, ಇಲ್ಲದಿದ್ದರೆ ಈ ವಾರವೇ ಅಂಗಡಿಗೆ ಹೋಗಿ ಅವರ ಹೆಸರಿಗೆ ಬದಲಿಸಿಕೊಡಿ. ಸಹಾಯ ಕೇಳಿ ಯಾರಾದರೂ ನಿಮಗೆ ಫೋನ್ ಮಾಡಿದರೆ, ತಿರುಗಿ ಮಾಡಲೇ, ಯಾವ ಹೊತ್ತಿಗೆ ಮಾಡಲಿ ಎಂದು ಆಗಲೇ ಕೇಳಿಕೊಳ್ಳಿ. ಆಕೆ ಬೇಡವೆಂದರೆ ಮಾಡಬೇಡಿ. ಮನೆಯಲ್ಲಿ ಹಿಂಸೆ ಅನುಭವಿಸುತ್ತಿರುವವರು 181ಕ್ಕೆ ಕರೆ ಮಾಡಬಹುದು. ಸ್ವಂತ ಫೋನಿನಿಂದ ಮಾಡಲು ಅಂಜಿಕೆಯಾದರೆ ಪಕ್ಕದ ಮನೆಯವರ, ಅಂಗನವಾಡಿ ಕಾರ್ಯಕರ್ತೆಯ, ಆಶಾ ಕಾರ್ಯಕರ್ತೆಯ ಫೋನಿನಿಂದ ಮಾಡಿ. ಹಾಗೆ ಯಾರಾದರೂ ನಿಮ್ಮ ಬಾಗಿಲಿಗೆ ಬಂದು ಫೋನ್ ಕೇಳಿದರೆ, ಯಾರಿಗೆ, ಯಾಕೆ ಎಂದು ಕೇಳದೆ ಕೊಡಿ.