ಎಲ್ಲ ಮಕ್ಕಳೂ ಆಡುವ ಪಾರ್ಕು: ತೆಂಗಿನ ಸೀಮೆಯ ಆರು ಪಾಠಗಳು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಪಾರ್ಕು ಅಂದರೆ ಹಿರಿಯರಿಗೆ ನಡೆಯುವ ದಾರಿ, ಮಕ್ಕಳಿಗೆ ಒಂದು ಜಾರುಬಂಡೆ, ಒಂದೆರಡು ಉಯ್ಯಾಲೆ. ಗಾಲಿಕುರ್ಚಿಯಲ್ಲಿ ಕೂತ ಮಗು, ಕಣ್ಣು ಕಾಣದ ಮಗು, ಆಟಿಸಂ ಇರುವ ಮಗು ಅಲ್ಲಿ ಆಡುವಂತೆ ಮಾಡುವ ಕೆಲಸಕ್ಕೆ ಕೈಹಾಕಿದಾಗ ನನಗೆ ಗೊತ್ತಿದ್ದದ್ದು ಸಿಮೆಂಟು, ಕಂಬಿಗಳ ಲೆಕ್ಕವಷ್ಟೇ. ಉಳಿದದ್ದನ್ನು ಮಕ್ಕಳು ಮತ್ತು ತಾಯಂದಿರು ಕಲಿಸಿದರು.

1. ಮೊದಲು ಮನೆಮನೆಗೆ ಹೋಗಿ, ಆಮೇಲೆ ನಕ್ಷೆ ಬರೆಯಿರಿ

ನಾನು ನಕ್ಷೆ ಮುಗಿಸಿ ಪೋಷಕರ ಸಭೆ ಕರೆದೆ. ಬಂದವರು ಕಡಿಮೆ, ಮಾತಾಡಿದವರು ಇನ್ನೂ ಕಡಿಮೆ. ಯಾವ ಮನೆಯಲ್ಲಿ ಯಾವ ಮಗು ಹೊರಗೆ ಬಾರದೆ ಉಳಿದಿದೆ ಎಂಬುದು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ, ಅಂಗವಿಕಲ ಮಕ್ಕಳಿಗೆ ಕಲಿಸುವ ಶಿಕ್ಷಣ ಇಲಾಖೆಯ ಬಿಐಇಆರ್‌ಟಿ ಶಿಕ್ಷಕರಿಗೆ ಗೊತ್ತಿರುತ್ತದೆ. ಅವರ ಜೊತೆ ಹೋಗಬೇಕಿತ್ತು. ಬೆಂಗಳೂರಿನ ಕೋಲ್ಸ್ ಪಾರ್ಕಿನಲ್ಲಿ ಪಾಲಿಕೆಯ ಜೊತೆಗೂಡಿ ಇಂಥ ಆಟದ ಜಾಗ ರೂಪಿಸಿದ ಕಿಲಿಕಿಲಿ ಸಂಸ್ಥೆ ಹುಟ್ಟಿದ್ದೇ ಅಂಗವಿಕಲ ಮಕ್ಕಳ ತಂದೆತಾಯಿಯರಿಂದ.

2. ಬೇರೆ ಮೂಲೆ ಬೇಡ

'ವಿಶೇಷ ಮಕ್ಕಳ ವಿಭಾಗ' ಎಂದು ಒಂದು ಕಡೆ ಗುರುತು ಹಾಕಿದ್ದೆ. "ಇಲ್ಲೂ ನಮ್ಮ ಮಗೂನ ಬೇರೇನೇ ಕೂರಿಸ್ತೀರಾ ಸಾರ್?" ಎಂದರು ಒಬ್ಬ ತಾಯಿ. ಆ ಗೆರೆ ಅಳಿಸಿದೆ. ಬೆನ್ನಿಗೆ ಆಸರೆ, ಸೊಂಟಕ್ಕೆ ಪಟ್ಟಿ ಇರುವ ಉಯ್ಯಾಲೆಯನ್ನು ಉಳಿದವುಗಳ ಸಾಲಿನಲ್ಲೇ ಕಟ್ಟಿಸಿದೆವು. ನಾಲ್ಕಾರು ಮಕ್ಕಳು ಒಟ್ಟಿಗೆ ಮಲಗಿ ತೂಗುವ ಅಗಲವಾದ ಬಲೆಯ ಉಯ್ಯಾಲೆಯಲ್ಲಂತೂ ಯಾರಿಗೆ ನಡೆಯಲು ಬರುತ್ತದೆ, ಯಾರಿಗೆ ಬರುವುದಿಲ್ಲ ಎಂಬ ಪ್ರಶ್ನೆಯೇ ಏಳುವುದಿಲ್ಲ.

3. ಇಳಿಜಾರಿಗೆ ಉದ್ದ ಬೇಕು

ಗಾಲಿಕುರ್ಚಿಯ ರ‍್ಯಾಂಪ್ 1 ಅಡಿ ಏರಲು 12 ಅಡಿ ಸಾಗಬೇಕು. ಒಂದೂವರೆ ಅಡಿಯ ಕಟ್ಟೆಗೆ 18 ಅಡಿ. ಜಾಗ ಉಳಿಸಲು ನಾನು ಕಡಿದಾಗಿ ಮಾಡಿಸಿದ್ದನ್ನು ಒಡೆಸಬೇಕಾಯಿತು. ಈಗ ನಾನು ಮೊದಲು ಕೇಳಿಕೊಳ್ಳುವುದು, ಈ ಆಟ ಎತ್ತರದಲ್ಲಿ ಇರಲೇಬೇಕೇ ಎಂದು. ಮರಳಾಟಕ್ಕೆ ಕಟ್ಟೆ ಹತ್ತಿಸುವ ಬದಲು ಮರಳನ್ನೇ ಮೇಜಿನ ಮೇಲಿಟ್ಟು, ಕೆಳಗೆ ಮೊಣಕಾಲು ತೂರುವಷ್ಟು ಜಾಗ ಬಿಟ್ಟರೆ ಸಾಕು.

4. ನಾರಿನ ಪುಡಿ ಬೀಳುವವರಿಗೆ ಒಳ್ಳೆಯದು, ಉರುಳುವ ಚಕ್ರಕ್ಕಲ್ಲ

ನಮ್ಮ ಕಡೆ ಸಿಪ್ಪೆಗೂ ನಾರಿನ ಪುಡಿಗೂ ಬರವಿಲ್ಲ. ಮೆತ್ತಗಿರುತ್ತದೆಂದು ನೆಲದ ತುಂಬ ಹರಡಿಸಿದೆ. ಗಾಲಿಕುರ್ಚಿಯ ಚಕ್ರ ಹೂತುಕೊಂಡಿತು; ಮಳೆ ಬಿದ್ದಮೇಲೆ ನೀರು ಹಿಡಿದು ಜವುಗಾಯಿತು. ಮೆತ್ತನೆಯ ಹಾಸು ಉಯ್ಯಾಲೆ, ಜಾರುಬಂಡೆಗಳ ಬುಡದಲ್ಲಿ ಮಾತ್ರ ಇರಲಿ, ಅದರಡಿ ನೀರು ಬಸಿಯಲಿ. ಗೇಟಿನಿಂದ ಪ್ರತಿ ಆಟದವರೆಗೂ ಗಟ್ಟಿಯಾದ, ಮಟ್ಟಸವಾದ ದಾರಿ ಬೇಕು. ದಾರಿಯ ಅಂಚಿನ ಕಲ್ಲು ಒರಟಾಗಿದ್ದರೆ ಕಣ್ಣು ಕಾಣದ ಮಗುವಿನ ಕೋಲು ಅದನ್ನೇ ಹಿಡಿದು ಸಾಗುತ್ತದೆ.

5. ತೆಂಗಿನ ಕೆಳಗೆ ಆಟ ಬೇಡ

ಇದ್ದ ತೆಂಗಿನ ಮರಗಳ ನಡುವೆಯೇ ಉಯ್ಯಾಲೆ ಇಡುವ ಆಸೆ ನನಗಿತ್ತು. ಆದರೆ ಕಾಯಿ ಬೀಳುತ್ತದೆ, ಒಣಗಿದ ಗರಿ ಬೀಳುತ್ತದೆ. ತಟ್ಟನೆ ಸರಿಯಲಾಗದ ಮಗುವಿಗೆ ಅಪಾಯ ಹೆಚ್ಚು. ನೆರಳಿಗೆ ಹೊಂಗೆ, ಬೇವು ಒಳ್ಳೆಯವು. ಬಿಸಿಲಿಗೆ ಕಾದ ತಗಡಿನ ಜಾರುಬಂಡೆ ಚರ್ಮ ಸುಡುತ್ತದೆ. ಕಾಲಿನಲ್ಲಿ ಸ್ಪರ್ಶ ತಿಳಿಯದ ಮಗುವಿಗೆ ಸುಟ್ಟದ್ದೂ ಗೊತ್ತಾಗದು. ಹಾಗಾಗಿ ಜಾರುಬಂಡೆಗೇ ಮೊದಲು ನೆರಳು ಸಿಗಲಿ.

6. ಬೇಲಿಯೂ ಬೇಕು, ಸದ್ದಿಲ್ಲದ ಜಾಗವೂ ಬೇಕು

ಬೇಲಿ ಹಾಕಿದರೆ ಮಕ್ಕಳನ್ನು ಕಟ್ಟಿಹಾಕಿದಂತೆ ಎಂದುಕೊಂಡಿದ್ದೆ. ಆದರೆ ಆಟಿಸಂ ಇರುವ ಕೆಲವು ಮಕ್ಕಳು ಇದ್ದಕ್ಕಿದ್ದಂತೆ ರಸ್ತೆಯತ್ತ ಓಡುತ್ತಾರೆ; ಬೇಲಿ, ಒಂದೇ ಗೇಟು ಇದ್ದರೆ ತಾಯಿ ನಿರಾಳವಾಗಿ ಕೂರಬಹುದು. ಗದ್ದಲ ತಾಳಲಾರದ ಮಗುವಿಗೆ ಗಿಡಗಳ ಮರೆಯಲ್ಲಿ ಒಂದು ಕಲ್ಲುಬೆಂಚಾದರೂ ಇರಲಿ. ಅದು ಎಲ್ಲರಿಗೂ ತೆರೆದ ಜಾಗವಾಗಿರಲಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಸ್ಥಳೀಯ ಸಂಸ್ಥೆಗಳಲ್ಲಿ ಅಂಗವಿಕಲರಿಗೆಂದೇ ಶೇ. 5ರ ಅನುದಾನವಿದೆ. ನಿಮ್ಮೂರಿನ ಪಾರ್ಕಿಗೆ ಅಂದಾಜುಪಟ್ಟಿ ತಯಾರಾಗುವ ಮೊದಲೇ ಹೋಗಿ ಕೇಳಿ. ಹೋಗುವಾಗ ಇಂಥ ಮಕ್ಕಳ ತಾಯಂದಿರನ್ನೂ ಕರೆದುಕೊಂಡು ಹೋಗಿ.