ಮೊದಲು ಲಾಯಕ್ಕೆ ಹೋಗಿ
ಕನ್ನಡ ಚಿತ್ರಗಳೂ ಒಂದು ಕಾಲದಲ್ಲಿ ಜನ್ಮವೆತ್ತಿದ, ಮದರಾಸಿನ ವಡಪಳನಿಯ ಸ್ಟುಡಿಯೋಗಳ ನೆರೆಯಲ್ಲಿ ವಾಸವಾಗಿದ್ದು, ಗಿಂಡಿಯ ಕುದುರೆಗಳನ್ನು ಕಂಡು ಅಶ್ವಾರೋಹಣ ಸ್ಪರ್ಧೆಗಳಿಗೆ ಮನಸೋತಿರುವ ತರುಣ ಮಿತ್ರರೇ, ತೆರೆಯ ಮೇಲಿನ ರಾಜಕುಮಾರನು ಒಂದೇ ನೆಗೆತಕ್ಕೆ ಕುದುರೆಯೇರುವುದನ್ನು ನಂಬಿ ಜೀನಿನತ್ತ ಧಾವಿಸದೆ, ಮೊದಲು ಲಾಯವನ್ನು ಹೊಕ್ಕು, ಗೊರಸಿನ ಕೊಳೆ ತೆಗೆಯುವುದನ್ನೂ ಮೈಯುಜ್ಜುವುದನ್ನೂ ಕುದುರೆಯಾಳಿನಿಂದ ವಿನಯಪೂರ್ವಕವಾಗಿ ಕಲಿಯಿರಿ. ಕುದುರೆಯ ಕುಂಟನ್ನು ಶಿಕ್ಷಕನಿಗಿಂತ ಮುನ್ನ ಅರಿಯುವವನು ಅನೇಕ ವೇಳೆ ಅವನೇ. 2018ರ ಏಷ್ಯನ್ ಕ್ರೀಡೆಗಳಲ್ಲಿ ಬೆಂಗಳೂರಿನ ಫವಾದ್ ಮಿರ್ಜಾ ಅವರಿಗೆ ವೈಯಕ್ತಿಕ ರಜತವನ್ನು ತಂದ ಸ್ಪರ್ಧೆಯಲ್ಲಿ ಶಿಸ್ತಿನ ನಡಿಗೆ, ಬಯಲಿನ ಓಟ, ಅಡೆತಡೆಗಳ ಲಂಘನ ಎಂಬ ಮೂರು ಪರೀಕ್ಷೆಗಳಿದ್ದು, ಸವಾರನಲ್ಲಿ ನಂಬಿಕೆಯಿಲ್ಲದ ಕುದುರೆಯು ಮೂರರಲ್ಲಿಯೂ ಸೋಲುವುದು. ಶಿಕ್ಷಕರಾದವರೂ, ಶುಲ್ಕ ತೆರುವ ಹವ್ಯಾಸಿಗಳ ಆತುರಕ್ಕೆ ಮಣಿದು, ಮದರಾಸಿನ ವೈಶಾಖದ ನಡುಹಗಲಲ್ಲಿ ಆ ಮೂಕಪ್ರಾಣಿಯನ್ನು ಅಭ್ಯಾಸಕ್ಕಿಳಿಸದಿರಲಿ. ನೀವೂ ಸೂರ್ಯೋದಯಕ್ಕೆ ಮುನ್ನವೇ ಹೊರಡಿರಿ.