ಮೂವತ್ತೆರಡು ಎಂಬ ಒಂದೇ ಹೆಸರು

ಕೈಬಂದೂಕಿನ ಪರವಾನಗಿಯನ್ನು ಹೊಸದಾಗಿ ಪಡೆದಿರುವ ಚಿರಂಜೀವಿಗೆ ಮನೆಯ ಹಿರಿಯರ ಆಶೀರ್ವಾದಗಳು.

ರಿವಾಲ್ವರನ್ನೋ ಪಿಸ್ತೂಲನ್ನೋ ಕೊಳ್ಳುವ ಮೊದಲು ಅದರ ತೂಕ, ಬೆಲೆ, ತಯಾರಕರ ಹೆಸರು ಎಲ್ಲವನ್ನೂ ತಿಂಗಳುಗಟ್ಟಲೆ ವಿಚಾರಿಸುವವರು, ಅದರೊಳಗೆ ಹಾಕುವ ತೋಟಾವನ್ನು ಮಾತ್ರ "ಮೂವತ್ತೆರಡರದು ಒಂದು ಡಬ್ಬಿ ಕೊಡಿ" ಎಂದು ಕೇಳಿ ತಂದುಬಿಡುತ್ತಾರೆ. ಕೈಬಂದೂಕಿನ ಅಪಾಯಗಳಲ್ಲಿ ಬಹುಪಾಲು ಬಂದೂಕಿನಿಂದಲೇ ಬರುತ್ತದೆ ಎಂದು ತಿಳಿಯುವುದು ಸಹಜವಾದರೂ, ಬಂದೂಕು ಒಂದು ಕೊಳವೆ ಮತ್ತು ಒಂದು ಸುತ್ತಿಗೆಯಷ್ಟೆ, ಸಿಡಿಯುವುದು ತೋಟಾ. ಆದ್ದರಿಂದ ಈ ಪತ್ರವು ತೋಟಾದ ಆಯ್ಕೆಯೊಂದನ್ನೇ ಕುರಿತದ್ದು.

ಪತ್ರಿಕೆಗಳು "ಜೀವಂತ ಗುಂಡು" ಎಂದು ಬರೆಯುವ ವಸ್ತುವಿನಲ್ಲಿ ನಿಜವಾಗಿ ನಾಲ್ಕು ಭಾಗಗಳಿವೆ. ಹಿತ್ತಾಳೆಯ ಪುಟ್ಟ ಕೊಳವೆ, ಅದರ ತಳದ ನಡುವೆ ಕೂರಿಸಿರುವ ಕೇಪು, ಒಳಗಿನ ಮದ್ದು ಮತ್ತು ಬಾಯಿಯಲ್ಲಿ ಬಿಗಿಯಾಗಿ ಸಿಕ್ಕಿಸಿರುವ ಗುಂಡು, ಇವು ನಾಲ್ಕೂ ಸೇರಿದ್ದು ತೋಟಾ. ಮಲೆನಾಡು ಮತ್ತು ಕೊಡಗಿನ ಹಳೆಯ ಮನೆಗಳಲ್ಲಿ ಕೇಪಿನ ಕೋವಿ ಬೇರೆ, ತೋಟಾ ಕೋವಿ ಬೇರೆ ಎಂದು ಮಕ್ಕಳಿಗೂ ಗೊತ್ತಿರುತ್ತಿತ್ತು. ಕೇಪಿನ ಕೋವಿಗೆ ಮದ್ದನ್ನು ಅಳೆದು ತುಂಬುವವನು ಪ್ರತಿಸಲವೂ ಅಳತೆಯ ಹೊಣೆಯನ್ನು ತಾನೇ ಹೊರುತ್ತಿದ್ದನು. ತೋಟಾದಲ್ಲಿ ಆ ಅಳತೆ ಕಾರ್ಖಾನೆಯಲ್ಲೇ ಮುಗಿದಿರುವುದರಿಂದ, ಬಳಸುವವನಿಗೆ ಉಳಿಯುವ ಹೊಣೆ ಸರಿಯಾದದ್ದನ್ನು ಗುರುತಿಸುವುದು ಮಾತ್ರ. ಆ ಗುರುತಿಸುವಿಕೆಯಲ್ಲೇ ಎಡವಟ್ಟು ನಡೆಯುವುದು.

ಭಾರತದಲ್ಲಿ 9 ಮಿ.ಮೀ. ಪಿಸ್ತೂಲು ಸಾಮಾನ್ಯ ನಾಗರಿಕರಿಗೆ ನಿಷೇಧಿತ ವರ್ಗಕ್ಕೆ ಸೇರಿರುವುದರಿಂದ, ಪರವಾನಗಿದಾರರ ಕೈಯಲ್ಲಿ ಹೆಚ್ಚಾಗಿ ಕಾಣುವುದು .32 ಬೋರಿನ ಕೈಬಂದೂಕುಗಳೇ. ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್, 2014ರಲ್ಲಿ ಕಾನ್ಪುರದಿಂದಲೇ ಬಂದ ಹಗುರವಾದ "ನಿರ್ಭೀಕ್" ಮತ್ತು ಸರ್ಕಾರಿ ಕಾರ್ಖಾನೆಗಳ .32 ಪಿಸ್ತೂಲು, ಇವೆಲ್ಲವನ್ನೂ ಜನ ಮೂವತ್ತೆರಡು ಎಂದೇ ಕರೆಯುತ್ತಾರೆ. ಆದರೆ ರಿವಾಲ್ವರಿಗೆ ಬೇಕಾದದ್ದು .32 ಸ್ಮಿತ್ ಅಂಡ್ ವೆಸನ್ ಲಾಂಗ್ ಎಂಬ ತೋಟಾ, ಪಿಸ್ತೂಲಿಗೆ ಬೇಕಾದದ್ದು .32 ಎ.ಸಿ.ಪಿ., ಅಂದರೆ ಆಟೊಮ್ಯಾಟಿಕ್ ಕೋಲ್ಟ್ ಪಿಸ್ಟಲ್ ಎಂಬ ತೋಟಾ. ಮೊದಲನೆಯದು 1896ರದು, ಎರಡನೆಯದು ಜಾನ್ ಬ್ರೌನಿಂಗ್ ಎಂಬ ಅಮೆರಿಕದ ಬಂದೂಕು ವಿನ್ಯಾಸಕ 1899ರ ಸುಮಾರಿಗೆ ತನ್ನ ಪಿಸ್ತೂಲಿಗಾಗಿ ರೂಪಿಸಿದ್ದು. ಎರಡರ ಗುಂಡಿನ ದಪ್ಪವೂ ಸುಮಾರು 8 ಮಿ.ಮೀ.; ಮೂವತ್ತೆರಡು ಎಂಬುದು ಹೇಳುವುದು ಆ ದಪ್ಪವೊಂದನ್ನೇ, ಉದ್ದವನ್ನೂ ಅಲ್ಲ, ಒತ್ತಡವನ್ನೂ ಅಲ್ಲ.

ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ನಿಲ್ಲಿಸಿ ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ರಿವಾಲ್ವರಿನ ತೋಟಾ ಸುಮಾರು 32 ಮಿ.ಮೀ. ಎತ್ತರವಿದ್ದು, ಅದರ ತಳದಲ್ಲಿ ಬಟ್ಟಲಿನ ಅಂಚಿನಂತೆ ಹೊರಚಾಚಿದ ಬಳೆಯಿರುತ್ತದೆ. ಸಿಲಿಂಡರಿನ ಮನೆಯೊಳಗೆ ಜಾರಿ ಬೀಳದಂತೆ ತೋಟಾವನ್ನು ಹಿಡಿದು ನಿಲ್ಲಿಸುವುದು ಆ ಬಳೆಯೇ. ಪಿಸ್ತೂಲಿನ ತೋಟಾ 25 ಮಿ.ಮೀ. ಎತ್ತರದ ಗಿಡ್ಡ ದೇಹದ್ದು. ಅದರ ತಳದ ಮೇಲೆ ಸುತ್ತಲೂ ಗೀರಿದ ಕಾಲುವೆಯಿದ್ದು, ಅಂಚು ಕೂದಲೆಳೆಯಷ್ಟು ಮಾತ್ರ ಹೊರಗೆ ಚಾಚಿರುತ್ತದೆ. ಅಪಾಯ ಅಡಗಿರುವುದು ಈ ಕೂದಲೆಳೆಯ ಅಂಚಿನಲ್ಲೇ. ಉದ್ದನೆಯ ತೋಟಾ ಪಿಸ್ತೂಲಿನೊಳಗೆ ಹೋಗುವುದೇ ಇಲ್ಲ, ಆದ್ದರಿಂದ ಅಲ್ಲಿ ತಪ್ಪು ತಾನಾಗಿಯೇ ತಡೆಯಲ್ಪಡುತ್ತದೆ. ಆದರೆ ಗಿಡ್ಡ ತೋಟಾ ಎಷ್ಟೋ ರಿವಾಲ್ವರುಗಳ ಮನೆಯಲ್ಲಿ ಆ ಅಂಚಿನ ಆಸರೆಯಿಂದಲೇ ಕುಳಿತುಬಿಡುತ್ತದೆ, ಕುದುರೆ ಒತ್ತಿದರೆ ಹಾರಿಯೂ ಹಾರುತ್ತದೆ. ರಿವಾಲ್ವರಿನ ತೋಟಾಕ್ಕೆ ಅಮೆರಿಕದ ತಯಾರಕರ ಸಂಘವು ನಿಗದಿಪಡಿಸಿರುವ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ 15,000 ಪೌಂಡುಗಳಾದರೆ, ಪಿಸ್ತೂಲಿನ ತೋಟಾಕ್ಕೆ ಅದು 20,500 ಪೌಂಡು. ಒಂದು ಸಲ ಏನೂ ಆಗಲಿಲ್ಲವೆಂಬುದು ಇಲ್ಲಿ ಯಾವ ಧೈರ್ಯಕ್ಕೂ ಆಧಾರವಲ್ಲ, ಏಕೆಂದರೆ ಹಳೆಯ ಸಿಲಿಂಡರಿನ ಉಕ್ಕು ಪ್ರತಿ ಹೊಡೆತಕ್ಕೂ ಒಳಗೊಳಗೇ ದಣಿಯುತ್ತಾ ಹೋಗಿ, ಬಿರಿಯುವುದು ಯಾವ ಹೊಡೆತಕ್ಕೆ ಎಂಬುದನ್ನು ಮೊದಲೇ ಹೇಳುವುದಿಲ್ಲ.

ತಯಾರಕರು ಇಂಥ ತಪ್ಪನ್ನು ಕೆಲವೊಮ್ಮೆ ಮುಂದಾಗಿಯೇ ತಡೆದಿದ್ದಾರೆ. 1935ರಲ್ಲಿ .357 ಮ್ಯಾಗ್ನಮ್ ಎಂಬ ಬಲಶಾಲಿ ತೋಟಾ ಬಂದಾಗ, ಅದು ಅದೇ ದಪ್ಪದ .38 ಸ್ಪೆಷಲ್ ರಿವಾಲ್ವರುಗಳಲ್ಲಿ ಕೂರಬಾರದೆಂದೇ ಅದರ ಕೊಳವೆಯನ್ನು ಸುಮಾರು 3 ಮಿ.ಮೀ. ಉದ್ದ ಮಾಡಲಾಯಿತು. ಮೂವತ್ತೆರಡರ ವಿಷಯದಲ್ಲಿ ಆ ಕಾವಲು ಇಲ್ಲ. ಕಾವಲು ಕಾಯಬೇಕಾದದ್ದು ಓದುವ ಕಣ್ಣು.

ಓದಬೇಕಾದ ಜಾಗಗಳು ಮೂರು: ನಳಿಗೆಯ ಮೇಲೆ ಕೊರೆದಿರುವ ಬರಹ, ಡಬ್ಬಿಯ ಮೇಲಿನ ಹೆಸರು, ತೋಟಾದ ತಳದ ಅಚ್ಚು. ತಳವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ನಡುವೆ ಕೇಪಿನ ವೃತ್ತ, ಅದರ ಸುತ್ತ ತಯಾರಕರ ಗುರುತು ಮತ್ತು ಹಲವು ತೋಟಾಗಳಲ್ಲಿ ಬೋರಿನ ಹೆಸರು ಕಾಣುತ್ತವೆ. ಪುಣೆಯ ಖಡ್ಕಿ ಕಾರ್ಖಾನೆಯ ತೋಟಾಗಳ ಮೇಲಿರುವ ಕೆ.ಎಫ್. ಎಂಬ ಅಕ್ಷರಗಳು ಅಂಥ ಗುರುತು. ವಯಸ್ಸಾದವರಿಗೆ ಇದಕ್ಕೆ ಭೂತಗನ್ನಡಿ ಬೇಕಾದೀತು, ಅದರಲ್ಲಿ ನಾಚಿಕೆಯೇನೂ ಇಲ್ಲ. ಮೂರೂ ಜಾಗಗಳಲ್ಲಿ ಹೆಸರು ಪೂರ್ತಿಯಾಗಿ ತಾಳೆಯಾಗಬೇಕೆಂಬುದೇ ನಿಯಮ. ಅರ್ಧ ಹೆಸರನ್ನು ನಂಬುವಂತಿಲ್ಲ ಎಂಬುದಕ್ಕೆ ಯುರೋಪಿನ ಪಿಸ್ತೂಲುಗಳೇ ಸಾಕ್ಷಿ: ಅವುಗಳ ಮೇಲೆ 7.65 ಬ್ರೌನಿಂಗ್ ಎಂದಿದ್ದರೆ ಅದು .32 ಎ.ಸಿ.ಪಿ.ಯೇ, ಆದರೆ 7.65 ಪ್ಯಾರಾಬೆಲಮ್ ಎಂದಿದ್ದರೆ ಅದು ಬೇರೆಯೇ ಆದ, ಕೊರಳು ಕಿರಿದಾದ ತೋಟಾ. "ರಿವಾಲ್ವರಾದರೆ ಲಾಂಗ್, ಪಿಸ್ತೂಲಾದರೆ ಎ.ಸಿ.ಪಿ." ಎಂಬ ಬಾಯಿಪಾಠವೂ ಎಲ್ಲೆಡೆ ನಡೆಯದು, ಏಕೆಂದರೆ ಸ್ಪರ್ಧೆಗಳ 25 ಮೀಟರ್ ಸೆಂಟರ್ ಫೈರ್ ವಿಭಾಗದಲ್ಲಿ ಬಳಸುವ ಕೆಲವು ಗುರಿಪಿಸ್ತೂಲುಗಳು ಚಪ್ಪಟೆ ಮೂತಿಯ ಗುಂಡಿರುವ .32 ಲಾಂಗ್ ತೋಟಾವನ್ನೇ ಬೇಡುತ್ತವೆ.

ಹೆಸರು ಸರಿಯಾದ ಮೇಲೆ ನೋಡಬೇಕಾದದ್ದು ಮೈ. ಆಗುಂಬೆ, ಮಡಿಕೇರಿಯ ಕಡೆಯ ಮಳೆಗಾಲವನ್ನು ದಾಟಿದ ತೋಟಾದ ಹಿತ್ತಾಳೆಗೆ ಹಸಿರು ಕಿಲುಬು ಹತ್ತಿದ್ದರೆ, ಕೊಳವೆಯ ಬಾಯಲ್ಲಿ ಸೀಳಿದ್ದರೆ, ಕೇಪು ತಳಕ್ಕಿಂತ ಉಬ್ಬಿದ್ದರೆ, ಗುಂಡು ಬೆರಳಿಗೆ ಅಲುಗಿದರೆ ಅಥವಾ ಜೊತೆಯವುಗಳಿಗಿಂತ ಒಳಗೆ ಕುಸಿದಿದ್ದರೆ, ಅದನ್ನು ಬದಿಗಿಡಬೇಕು. ಕುಸಿದ ಗುಂಡು ಸಣ್ಣ ದೋಷವಲ್ಲ: ಪ್ರತಿರಾತ್ರಿ ಪಿಸ್ತೂಲಿಗೆ ತುಂಬಿ ಬೆಳಿಗ್ಗೆ ತೆಗೆಯುವ ರೂಢಿಯುಳ್ಳವರಲ್ಲಿ ಮೇಲಿನ ಒಂದೇ ತೋಟಾ ಮತ್ತೆಮತ್ತೆ ನಳಿಗೆಯ ಹಿಂಬಾಯಿಯ ಇಳಿಜಾರಿಗೆ ಬಡಿದು ಅದರ ಗುಂಡು ಹಿಂದಕ್ಕೆ ಸರಿಯುತ್ತದೆ, ಆಗ ಮದ್ದಿಗೆ ಉಳಿಯುವ ಜಾಗ ಕಿರಿದಾಗಿ ಒತ್ತಡ ಏರುತ್ತದೆ. ಕಿಲುಬು ಬಾರದಿರಲೆಂದು ಎಣ್ಣೆ ಸವರುವುದೂ ತಪ್ಪು. ಎಣ್ಣೆ ಕೇಪಿನ ಅಂಚಿನಿಂದ ಒಳಗಿಳಿದು ಅದನ್ನು ಮಂಕಾಗಿಸುತ್ತದೆ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆಂದು ಅಲ್ಲಿಡುವುದು ಮದ್ದನ್ನೇ ಕೆಡಿಸುವ ದಾರಿ. ಒಣ, ತಂಪಾದ ಕಪಾಟಿನಲ್ಲಿ, ಮೂಲ ಡಬ್ಬಿಯಲ್ಲೇ, ಬಂದೂಕಿನಿಂದ ಬೇರೆಯಾಗಿ, ಬೀಗದೊಳಗೆ ಇಡುವುದೇ ಸರಿ. ಡಬ್ಬಿಯಿಂದ ಹೊರಬಂದು ಮೇಜಿನ ಖಾನೆಯಲ್ಲಿ ಬಿಡಿಬಿಡಿಯಾಗಿ ಉರುಳುವ ತೋಟಾ ತನ್ನ ಹೆಸರನ್ನು ಅರ್ಧ ಕಳೆದುಕೊಂಡಂತೆಯೇ.

ಉಳಿತಾಯದ ಆಸೆಗೆ ಬಳಸಿದ ಕೊಳವೆಗೆ ಮತ್ತೆ ಮದ್ದು ತುಂಬಿಸಿದ ತೋಟಾಗಳನ್ನು ಯಾರಾದರೂ ತೋರಿಸಿದರೆ, ಚಿರಂಜೀವಿಯು ಅವನ್ನು ಮುಟ್ಟಬಾರದೆಂದು ಹಿರಿಯರ ಕಟ್ಟಪ್ಪಣೆ. ಎರಡು ಪಟ್ಟು ಮದ್ದು ಬಿದ್ದ ತೋಟಾವೂ ಮದ್ದೇ ಬೀಳದ ತೋಟಾವೂ ಹೊರಗಿನಿಂದ ಒಂದೇ ರೀತಿ ಕಾಣುತ್ತವೆ. ಪರವಾನಗಿ ಪುಸ್ತಕವನ್ನು ತೋರಿಸಿ, ಅದರಲ್ಲಿ ನಮೂದಿಸಿದ ಮಿತಿಯೊಳಗೆ, ಅಧಿಕೃತ ಅಂಗಡಿಯಿಂದಲೇ ಕೊಳ್ಳಬೇಕೆಂಬ ಕಾನೂನು ಇಲ್ಲಿ ಪ್ರಾಣರಕ್ಷಣೆಯ ನಿಯಮವೂ ಹೌದು.

ಒಳ್ಳೆಯ ತೋಟಾವೂ ಅಪರೂಪಕ್ಕೆ ಕೈಕೊಡುತ್ತದೆ. ಕುದುರೆ ಒತ್ತಿದಾಗ ಟಕ್ ಎಂದಷ್ಟೇ ಕೇಳಿದರೆ, ಕೇಪು ನಿಧಾನವಾಗಿ ಹೊತ್ತಿಕೊಳ್ಳುತ್ತಿರಬಹುದೆಂದು ತಿಳಿದು, ನಳಿಗೆಯನ್ನು ಸುರಕ್ಷಿತ ದಿಕ್ಕಿನಿಂದ ಅಲುಗಿಸದೆ ಕಡಿಮೆಯೆಂದರೂ 30 ಸೆಕೆಂಡು ಕಾಯಬೇಕು. ಅದಕ್ಕಿಂತ ಮೋಸದ್ದು ಪುಸ್ ಎನ್ನುವ ಸಪ್ಪೆ ಸದ್ದು ಮತ್ತು ಎಂದಿಗಿಂತ ಕಡಿಮೆ ಒದೆತ: ಮದ್ದಿಲ್ಲದೆ ಕೇಪೊಂದೇ ಸಿಡಿದು ಗುಂಡನ್ನು ನಳಿಗೆಯ ನಡುವೆ ತಳ್ಳಿ ನಿಲ್ಲಿಸಿರುವುದರ ಲಕ್ಷಣವದು. ಆಗ ಎರಡನೆಯ ಗುಂಡನ್ನು ಹಾರಿಸಿದರೆ ನಳಿಗೆ ಉಬ್ಬುತ್ತದೆ ಅಥವಾ ಒಡೆಯುತ್ತದೆ. ಬಂದೂಕನ್ನು ಬರಿದುಮಾಡಿ, ನಳಿಗೆ ತೆರವಾಗಿದೆಯೇ ಎಂದು ಬಲ್ಲವರು ಪರೀಕ್ಷಿಸುವವರೆಗೆ ಅದನ್ನು ಮತ್ತೆ ಬಳಸಕೂಡದು.

ಕೊನೆಯದಾಗಿ, ತಾತನ ಕಾಲದ ಪೆಟ್ಟಿಗೆಯ ವಿಷಯ. ಅದರ ತಳದಲ್ಲಿ ಉಳಿದಿರುವ ತೋಟಾಗಳ ಅಚ್ಚು ಮಾಸಿದೆ, ಅವು ಯಾವ ಬಂದೂಕಿನವೆಂದು ಹೇಳಬಲ್ಲವರು ಈಗಿಲ್ಲ, ಅವು ಚಿರಂಜೀವಿಯ ಪರವಾನಗಿಯಲ್ಲಿ ನಮೂದಾಗಿಯೂ ಇಲ್ಲ. ಅವನ್ನು ರಿವಾಲ್ವರಿನಲ್ಲಿ ಕೂರಿಸಿ ನೋಡುವುದಾಗಲಿ, ಕಾಫಿ ತೋಟದ ಗುಂಡಿಯಲ್ಲಿ ಹೂಳುವುದಾಗಲಿ, ಕೆರೆಗೆ ಎಸೆಯುವುದಾಗಲಿ ಬೇಡ. ಪೆಟ್ಟಿಗೆಯನ್ನು ಇದ್ದಲ್ಲೇ ಬೀಗ ಹಾಕಿ ಬಿಟ್ಟು, ಠಾಣೆಗೆ ಮೊದಲು ಲಿಖಿತವಾಗಿ ತಿಳಿಸಿ, ಅವರು ಹೇಳಿದ ದಿನ ಅವರ ಸಮ್ಮುಖದಲ್ಲೇ ಎಣಿಸಿ ಒಪ್ಪಿಸಿ, ಒಪ್ಪಿಸಿದ್ದಕ್ಕೆ ರಸೀದಿ ಪಡೆದು ಪರವಾನಗಿ ಪುಸ್ತಕದ ಜೊತೆಗೇ ಇಟ್ಟುಕೊಳ್ಳತಕ್ಕದ್ದು.